ಮೊದಲ ಹೆಂಡತಿಯ ಸಾಕ್ಷಿ

ದುದ್ದ,
ಗುರುವಾರ, 14 ನವೆಂಬರ್ 2024

ಕರ್ತನಲ್ಲಿ ಪ್ರಿಯರಾದ ಮನೋಹರ ಅವರಿಗೆ,

ನಿಮ್ಮ ಹೆಂಡತಿ ಹೆಪ್ಸಿಬಾಳ ವಂದನೆಗಳು. 'ಪ್ರಿಯರಾದ' ಎಂದು ಬರೆಯುವಾಗ ಪೆನ್ನು ಸ್ವಲ್ಪ ತಡೆಯಿತು. ಆದರೆ ನಮ್ಮಪ್ಪ ಬೇಲಿ ಜಗಳದಲ್ಲಿ ಮಾತು ಬಿಟ್ಟ ದೊಡ್ಡಪ್ಪನಿಗೂ ಹಾಗೆಯೇ ಬರೆಯುತ್ತಿದ್ದರು. ಮನೆಯ ರೂಢಿ, ಇರಲಿ.

ಡೈರಿಗೆ ಹಾಲು ಹಾಕಿ ಬಂದು ಬರೆಯಲು ಕೂತಿದ್ದೇನೆ. ರಾಗಿ ಕೊಯ್ಲು ಶುರುವಾಗಿದೆ, ಅಕ್ಕ ಭಾವ ಇಬ್ಬರೂ ಹೊಲದಲ್ಲಿದ್ದಾರೆ. ಬೇಸಿಗೆಯಲ್ಲಿ ಒಂದು ಚೀಲ ಹಿಡಿದು ಬಂದವಳನ್ನು ಅಕ್ಕ ಇನ್ನೂ ಏನೂ ಕೇಳಿಲ್ಲ. ನನ್ನ ಆರೋಗ್ಯ ಚೆನ್ನಾಗಿದೆ. ನೀವು ಕೇಳಿರಲಿಲ್ಲ, ಆದರೂ ಹೇಳಿದೆ.

ನಿಮ್ಮ ಪ್ರಾರ್ಥನಾ ಕೂಟದ ಕಾರ್ಯದರ್ಶಿ ಅನಿಲ್‌ಕುಮಾರ್ ಅವರ ಫೋನಿನಿಂದ ನೀವು ಕಳಿಸಿದ್ದು ತಲುಪಿತು. ಭಾನುವಾರ ಚನ್ನರಾಯಪಟ್ಟಣದ ಸಭೆಗೆ ಬಂದು ಎದ್ದು ನಿಂತು ಸಾಕ್ಷಿ ಹೇಳು, ಬರಲು ಸಂಕೋಚವಾದರೆ ಈ ನಾಲ್ಕು ಸಾಲನ್ನು ನಿನ್ನ ಕೈಬರಹದಲ್ಲಿ ನಕಲು ಮಾಡಿ ಕಳಿಸು, ಸಭೆಯಲ್ಲಿ ಓದಿಸುತ್ತೇವೆ ಎಂದಿದ್ದೀರಿ. ಸಾಲುಗಳೂ ಚೆನ್ನಾಗಿವೆ. "ಹೆಪ್ಸಿಬಾ ಎಂಬ ನಾನು, ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಸಂತೋಷದಿಂದ, ನನ್ನ ಪತಿಯವರು ಅರಕಲಗೂಡಿನ ಸಹೋದರಿ ಶಾಂತಿಯನ್ನು ಎರಡನೆಯ ಪತ್ನಿಯಾಗಿ ಸ್ವೀಕರಿಸಲು ಒಪ್ಪಿದ್ದೇನೆ." ಯಾರ ಒತ್ತಾಯವೂ ಇಲ್ಲದೆ ಎಂಬುದನ್ನು ಕೂಡ ನೀವೇ ಬರೆದುಕೊಟ್ಟಿದ್ದೀರಿ. ನನಗೆ ಎಷ್ಟು ಕಡಿಮೆ ಕೆಲಸ ಉಳಿಸಿದ್ದೀರಿ ನೋಡಿ, ಮದುವೆಯಾದ ಮೇಲೆ ಇದೇ ಮೊದಲು.

ನಕಲು ಮಾಡಲು ಕೂತೆ. ನಾಲ್ಕು ಸಾಲಿನಲ್ಲಿ ನಿಲ್ಲಲಿಲ್ಲ.

ಈ ಕೂಟ ಹೇಗೆ ಹುಟ್ಟಿತು ಎಂಬುದನ್ನು ಒಮ್ಮೆ ಬರೆಯುತ್ತೇನೆ. ನಿಮಗೆ ಗೊತ್ತಿಲ್ಲವೆಂದಲ್ಲ. ನೀವು ಅದನ್ನು ಹೇಳುವ ರೀತಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ, ಅದಕ್ಕೆ.

ಆಗ ನೀವು ಹೊಳೆನರಸೀಪುರದ ಕಡೆ ಉಪದೇಶಿ. ಚರ್ಚಿನ ಅಯ್ಯನವರು ಊರಲ್ಲಿಲ್ಲದ ಭಾನುವಾರ ಪ್ರಸಂಗ ಮಾಡುವುದು, ಹಳ್ಳಿಗಳಲ್ಲಿ ಮನೆ ಪ್ರಾರ್ಥನೆ ನಡೆಸುವುದು ನಿಮ್ಮ ಕೆಲಸ. ಹಿಂದೆ ಕೂತು ಹಾಡಿನ ಪುಸ್ತಕಗಳ ಚೀಲ ಹಿಡಿಯುವುದು ನನ್ನದು. ಹೇಮಾವತಿ ಸೇತುವೆಯ ಮೇಲೆ ಬೈಕ್ ನಿಲ್ಲಿಸಿ, ನನಗೆ ನೀರು ನೋಡಲು ಇಷ್ಟವೆಂದು, ಅವಸರವಿದ್ದರೂ ಸುಮ್ಮನೆ ಕಾಯುತ್ತಿದ್ದಿರಿ. ಅದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಟ್ಟೆ.

ಹಳೇಕೋಟೆಯ ಪುಟ್ಟಸ್ವಾಮಿ ಸಂಸಾರ ಸಮೇತ ದೀಕ್ಷಾಸ್ನಾನ ಕೇಳಿದರು. ಬೇಸಾಯದವರು, ಮೊದಲಿನಿಂದಲೂ ಇಬ್ಬರು ಹೆಂಡತಿಯರು. ಹಿರಿಯವರು ನಂಜಮ್ಮ, ಆಮೇಲೆ ಬಂದ ಕಿರಿಯಳಿಗೆ ಎರಡು ಮಕ್ಕಳು. ಅಯ್ಯನವರು, ಕಿರಿಯಳನ್ನು ಬಿಟ್ಟು ಬಾ, ಆಮೇಲೆ ನೀರು ಕೊಡುತ್ತೇನೆ ಎಂದರು. ಆ ಹೆಂಗಸು ಎರಡು ಕೂಸು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು ಎಂದು ಅವರು ಹೇಳಲಿಲ್ಲ. ನನಗೆ ಮೈ ಉರಿದುಹೋಯಿತು. ಬಿಷಪ್ಪರಿಗೆ ಮನವಿ ಬರೆದವಳು ನಾನು. ನಿಮ್ಮ ಸಹಿ ಇತ್ತು, ಮಾತು ನನ್ನವು. ಇವತ್ತಿಗೂ ಅದರಲ್ಲಿ ಒಂದು ಅಕ್ಷರ ಹಿಂದೆ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಇರುವವಳನ್ನು ದೇವರ ಹೆಸರಿನಲ್ಲಿ ಆಚೆ ನೂಕಬೇಡಿ ಎಂದು ನಾನು ಕೇಳಿದ್ದು. ದೇವರ ಹೆಸರಿನಲ್ಲಿ ಇನ್ನೊಬ್ಬಳನ್ನು ಒಳಗೆ ತನ್ನಿ ಎಂದಲ್ಲ. ಈ ಎರಡಕ್ಕೂ ಇರುವ ವ್ಯತ್ಯಾಸ ಐದನೇ ಕ್ಲಾಸಿನ ಹುಡುಗಿಗೂ ತಿಳಿಯುತ್ತದೆ, ಪ್ರಸಂಗ ಮಾಡುವವರಿಗೆ ತಿಳಿಯಲಿಲ್ಲ.

ಉತ್ತರ ಬರಲಿಲ್ಲ. ನೀವು ಕೆಲಸ ಬಿಟ್ಟು, ಆ ಐದೂ ಜನಕ್ಕೆ ನೀವೇ ಹೊಳೆಯಲ್ಲಿ ದೀಕ್ಷಾಸ್ನಾನ ಕೊಟ್ಟಿರಿ. ಆ ದಿನ ನಿಮ್ಮನ್ನು ನೋಡಿ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಮೊಣಕಾಲವರೆಗೂ ನೆನೆದ ನಿಮ್ಮ ಪಂಚೆಯನ್ನು ದಡದಲ್ಲಿ ನಾನೇ ಹಿಂಡಿದೆ. ಎಲ್ಲರೂ ನೋಡುತ್ತಿದ್ದರು, ನಾಚಿಕೆಯಾಗಲಿಲ್ಲ.

ಆಮೇಲೆ 'ಯಾಕೋಬನ ಮನೆ' ಎಂದು ಕೂಟಕ್ಕೆ ಹೆಸರಿಟ್ಟಿರಿ. ಬೈಬಲಿನ ಯಾಕೋಬನಿಗೆ ಅಕ್ಕತಂಗಿಯರಿಬ್ಬರೂ ಹೆಂಡತಿಯರು, ಪಿತೃಗಳಿಗೆ ಇಲ್ಲದ ಅಡ್ಡಿ ನಮಗೇಕೆ ಎಂಬುದು ನಿಮ್ಮ ಪಾಠ. ಕರಪತ್ರ ಬಂತು, ಧ್ವನಿವರ್ಧಕ ಬಂತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಒಂದೊಂದು ಊರಲ್ಲಿ ಒಂದೊಂದು ಭಾನುವಾರ. ಗಂಡನಿಲ್ಲದವರಿಗೆ, ಗಂಡ ಬಿಟ್ಟವರಿಗೆ ನೆರಳು ಕೊಡುವ ಸೇವೆ ಎಂದಿರಿ. ನಾನೂ ನಂಬಿ ಚಿತ್ರಾನ್ನ ಕಲೆಸಿದೆ, ಕಾಫಿ ಕಾಯಿಸಿದೆ. ಎಷ್ಟೋ ಗಂಡಸರು ಬಂದು, ನನಗೆ ದೇವರು ಕನಸಿನಲ್ಲಿ ಇಂಥವಳನ್ನು ತೋರಿಸಿದ ಎಂದು ಸಾಕ್ಷಿ ಹೇಳಿದರು. ಮಲ್ಲಿಪಟ್ಟಣದವನೊಬ್ಬ ಅವಳು ಉಟ್ಟ ಸೀರೆಯ ಬಣ್ಣವನ್ನೂ ಹೇಳಿದ. ಅವನ ಹೆಂಡತಿಗೆ ಆಗಷ್ಟೇ ಮೊಣಕಾಲು ನೋವು ಶುರುವಾಗಿತ್ತು, ಪಾಪ. ದೇವರು ಯಾವೊಬ್ಬ ಗಂಡಸಿಗೂ ಕನಸಿನಲ್ಲಿ ಅರವತ್ತು ದಾಟಿದ ವಿಧವೆಯನ್ನು ಮಾತ್ರ ತೋರಿಸಲಿಲ್ಲ.

ನಾನು ಇದನ್ನು ಒಮ್ಮೆ ನಗುತ್ತಾ ಹೇಳಿದಾಗ ನಿಮಗೆ ಸಿಟ್ಟು ಬಂತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನೀವು ಒದೆಯಲಿಲ್ಲ, ನನ್ನನ್ನು ಹಾಡಿನ ಗುಂಪಿನಿಂದ ತೆಗೆದಿರಿ.

ಆ ಬೇಸಿಗೆಯ ಮಧ್ಯಾಹ್ನವನ್ನೂ ಬರೆದುಬಿಡುತ್ತೇನೆ. ಊಟಕ್ಕೆ ಕೂತಿದ್ದಿರಿ. ದೇವರು ಒಂದು ಮಾತು ಕೊಟ್ಟಿದ್ದಾನೆ ಎಂದಿರಿ. ಹೊಸ ಊರಿನಲ್ಲಿ ಕೂಟ ಶುರು ಮಾಡುವ ಯೋಚನೆ ಅಂದುಕೊಂಡು, ಯಾವ ಊರಿಗೆ ಹೋಗಬೇಕಂತೆ ಎಂದು ಕೇಳುತ್ತಾ ಸಾರು ಬಡಿಸಿದೆ. ಅರಕಲಗೂಡಿನಲ್ಲಿ ಒಬ್ಬ ಸಹೋದರಿ ಇದ್ದಾಳೆ, ಗಂಡ ಬಿಟ್ಟು ಹೋಗಿದ್ದಾನೆ, ಬಟ್ಟೆ ಹೊಲಿಯುತ್ತಾಳೆ ಎಂದಿರಿ. ನಾನು ಸಾರಿನ ಸೌಟು ಹಿಡಿದು ನಿಂತೇ ಇದ್ದೆ. ನನ್ನಲ್ಲಿ ಏನು ಕಡಿಮೆಯಾಯಿತು ಎಂದು ಕೇಳಿದೆ. ಮನೆಗೆ ಮಗು ಬೇಡವೇ ಎಂದಿರಿ.

ಮಗುವಿನ ವಿಷಯದಲ್ಲಿ ಡಾಕ್ಟರು ಹಾಸನದಲ್ಲಿ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದು ನಿಮಗೂ ಗೊತ್ತು, ನನಗೂ ಗೊತ್ತು. ಆವತ್ತು ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದು ಯಾರಿಗೂ ಹೇಳಬೇಡ ಎಂದಿರಿ. ಹೇಳಿಲ್ಲ. ನಿಮ್ಮ ತಾಯಿ ನನ್ನನ್ನು ಎಷ್ಟೋ ಮಾತು ಆಡಿದರು, ಆಗಲೂ ಹೇಳಲಿಲ್ಲ. ಈ ಕಾಗದದಲ್ಲೂ ಬರೆಯುವುದಿಲ್ಲ.

ಈಗ ನಿಮ್ಮ ಪ್ರಕಟಣೆಯ ವಿಷಯಕ್ಕೆ ಬರುತ್ತೇನೆ. ಬೇರೆ ಯಾವ ಗಂಡಸಾದರೂ ಕದ್ದುಮುಚ್ಚಿ ಒಂದು ಮನೆ ಮಾಡಿಕೊಂಡು ಸುಮ್ಮನಿರುತ್ತಿದ್ದ. ನಿಮ್ಮಿಂದ ಆಗಲಿಲ್ಲ. ಮೂರು ತಲೆಮಾರು ಚರ್ಚಿನ ಬೆಂಚಿನ ಮೇಲೆ ಬೆಳೆದವರು ನಾವು. ಮೂರು ಭಾನುವಾರ ಹೆಸರು ಓದಿ, ಅಡ್ಡಿಯಿರುವವರು ಈಗಲೇ ಹೇಳಿ ಎಂದು ಕೇಳದಿದ್ದರೆ ಅದು ಮದುವೆಯೆಂದೇ ನಮಗೆ ಅನಿಸುವುದಿಲ್ಲ. ಪಾಪವನ್ನಾದರೂ ಕ್ರಮವಾಗಿಯೇ ಮಾಡಬೇಕು. ಹಾಗಾಗಿ ಮೊದಲ ಭಾನುವಾರ ಹೊಳೆನರಸೀಪುರ, ಎರಡನೆಯದು ಅರಕಲಗೂಡು, ಮೂರನೆಯದು ಚನ್ನರಾಯಪಟ್ಟಣ. ಕೊನೆಯ ದಿನ ಮೊದಲ ಹೆಂಡತಿಯ ಸಾಕ್ಷಿ. ಅದಾದರೆ ಅಲ್ಲೇ ಪ್ರಾರ್ಥಿಸಿ ಕೈ ಹಿಡಿಸುವುದು. ಆ ಸಾಕ್ಷಿ ಇಲ್ಲದಿದ್ದರೆ ಏನೂ ನಡೆಯುವುದಿಲ್ಲ ಎಂದು ನೀವೇ ಮಾಡಿದ ಕಟ್ಟಳೆ. ಇದು ಮದುವೆಯಲ್ಲ, ಒಡಂಬಡಿಕೆ ಎಂದೂ ಹೇಳಿಕೊಟ್ಟಿದ್ದೀರಂತೆ. ಪೊಲೀಸರು ಕೇಳಿದರೆ ಒಡಂಬಡಿಕೆ, ಮನೆಯಲ್ಲಿ ರೊಟ್ಟಿ ತಟ್ಟುವಾಗ ಹೆಂಡತಿ. ನಾಳೆ ನೀವು ಕಣ್ಣು ಮುಚ್ಚಿದರೆ ಅವಳು ಯಾರು? ಅದಕ್ಕೆ ನಿಮ್ಮ ಕರಪತ್ರದಲ್ಲಿ ಉತ್ತರವಿಲ್ಲ.

ಮೊನ್ನೆ ಸೋಮವಾರ ಹಳೇಕೋಟೆಯ ನಂಜಮ್ಮ ಬಸ್ಸು ಹತ್ತಿಕೊಂಡು ಇಲ್ಲಿಗೆ ಬಂದರು, ಇನ್ನೂ ಇಲ್ಲೇ ಇದ್ದಾರೆ. ಸೆರಗಿನ ತುಂಬ ಅವರೆಕಾಯಿ. ಹಿಂದಿನ ದಿನ ಅರಕಲಗೂಡಿನ ಸಭೆಯಲ್ಲಿ ಅಡ್ಡಿಯಿರುವವರು ಹೇಳಿ ಎಂದು ಕೇಳಿದಾಗ ಅವರು ಎದ್ದು ನಿಂತಿದ್ದರಂತೆ. ಕೂತ್ಕೊಳಿ ನಂಜಮ್ಮ, ಇದು ನಿಮ್ಮ ವಿಷಯ ಅಲ್ಲ ಎಂದಿರಂತೆ. 'ಯಾವ ಅಡ್ಡಿಯೂ ಬರಲಿಲ್ಲ' ಎಂದು ಬರೆಸಿದಿರಂತೆ. ಅವರು ನನಗೆ ಹೇಳಿದ್ದನ್ನು ಅವರು ಆಡಿದ ಹಾಗೆಯೇ ಬರೆಯುತ್ತೇನೆ, ತಿದ್ದುವುದಿಲ್ಲ:

"ಹೆಪ್ಸಮ್ಮ, ಇಷ್ಟ್ ವರ್ಸದಿಂದ ನನ್ನೆಸ್ರು ಏಳ್ಕಂಡು ಊರೂರು ತಿರುಗ್ತಾವ್ರೆ. ನಂಜಮ್ಮ ಒಪ್ಪುದ್ಲು, ನಂಜಮ್ಮ ಸವ್ತಿನ ತಂಗಿ ಅಂದ್ಲು ಅಂತ. ನಾನ್ಯಾವತ್ತವ್ವ ಒಪ್ಪಿದ್ದು? ಯಾರ್ ನನ್ನ ಕೇಳುದ್ರು? ಅವ್ಳು ಬಂದ್ಬುಟ್ಟಿದ್ಲು. ಒಟ್ಟೇಲಿ ಕೂಸಿತ್ತು. ಬಾಗ್ಲಾಗೆ ನಿಂತ್ಕಂಡು ಅಳ್ತಿದ್ಲು. ಆಚ್ಗೆ ನೂಕಕ್ಕೆ ನಾನೇನ್ ರಾಕ್ಷಸೀನಾ? ಒಳಿಕ್ಕೆ ಬಾ ಅಂದೆ. ಅದು ಒಪ್ಪಿಗೆ ಆಯ್ತದಾ?"

ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ನಮ್ಮ ಕರಪತ್ರದಲ್ಲಿ ಅವರ ಫೋಟೋ ಇದೆ, ಅವರ ಹೆಸರಿದೆ, 'ಮಾದರಿ ಹಿರಿಯ ಪತ್ನಿ' ಎಂದಿದೆ. ಅವರ ಒಂದು ಮಾತೂ ಇಲ್ಲ. ಒಬ್ಬ ಹೆಂಗಸಿನ ಕರುಣೆಯನ್ನು ತಂದು, ಅದಕ್ಕೆ ಒಪ್ಪಿಗೆ ಎಂದು ಹೆಸರಿಟ್ಟು, ಅದರ ಮೇಲೆ ನೀವು ಇಷ್ಟು ದೊಡ್ಡ ಮನೆ ಕಟ್ಟಿದ್ದೀರಿ.

ನನಗೆ ಹೊಟ್ಟೆಕಿಚ್ಚು ಎಂದು ನೀವು ಅನಿಲ್‌ಕುಮಾರ್ ಅವರ ಹತ್ತಿರ ಹೇಳಿದ್ದು ಕಿವಿಗೆ ಬಿತ್ತು. ಹೊಟ್ಟೆಕಿಚ್ಚು ಅಲ್ಲ, ತತ್ವದ ಮಾತು ಎಂದು ಬರೆಯಲು ಪೆನ್ನು ಹಿಡಿದೆ. ಸುಳ್ಳು ಬರೆಯಲು ಕೈ ಬರಲಿಲ್ಲ. ಹೊಟ್ಟೆಕಿಚ್ಚು ಇದೆ. ಹೋದ ತಿಂಗಳು ಅಕ್ಕನಿಗೆ ಹಾಸನಕ್ಕೆ ಹೋಗಿ ಮಾತ್ರೆ ತರುತ್ತೇನೆ ಎಂದು ಹೇಳಿ, ಅರಕಲಗೂಡಿಗೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಶಾಂತಿಯ ಹೊಲಿಗೆ ಅಂಗಡಿ. ಎದುರಿಗೆ ಹಣ್ಣಿನ ಗಾಡಿಯ ಮರೆಯಲ್ಲಿ ಕಳ್ಳಿಯ ಹಾಗೆ ನಿಂತು ಅವಳನ್ನು ನೋಡಿದೆ. ಅವಳ ಮೂಗು ನೋಡಿದೆ, ಸೊಂಟ ನೋಡಿದೆ, ನಕ್ಕರೆ ಹೇಗೆ ಕಾಣುತ್ತಾಳೆ ಎಂದು ಅವಳು ನಗುವವರೆಗೂ ಕಾದೆ. ನಲವತ್ತು ದಾಟಿದ ಹೆಂಗಸು, ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು. ನನ್ನನ್ನು ಹಾಗೆ ನಿಲ್ಲಿಸಿದವರು ನೀವು. ಅದಕ್ಕೆ ನಿಮ್ಮನ್ನು ಕ್ಷಮಿಸಲು ಇನ್ನೂ ಪ್ರಾರ್ಥಿಸುತ್ತಿದ್ದೇನೆ, ಬರುತ್ತಿಲ್ಲ.

ಅವಳು ನನ್ನನ್ನು ಗುರುತು ಹಿಡಿದು ಓಡಿ ಬಂದಳು. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ತಾನು ಕೂರುವ ಸ್ಟೂಲನ್ನೇ ಹಾಕಿದಳು. ಕಾಫಿ ತರಿಸಿದಳು. ನನ್ನ ರವಿಕೆಯ ತೋಳು ಬಿಗಿಯಾಗಿರುವುದನ್ನು ನೋಡಿ, ಬಿಚ್ಕೊಡಿ ಅಕ್ಕ, ಐದ್ ನಿಮ್ಸದಲ್ಲಿ ಹೊಲಿಗೆ ಬಿಡುಸ್ಕೊಡ್ತೀನಿ ಎಂದಳು. ದ್ವೇಷ ಮಾಡಬೇಕೆಂದು ಅಷ್ಟು ದೂರದಿಂದ ಬಸ್ಸು ಹತ್ತಿಕೊಂಡು ಹೋಗಿದ್ದೆ. ಆಮೇಲೆ ತಲೆ ತಗ್ಗಿಸಿ ಹೇಳಿದಳು, "ಅಕ್ಕ, ನೀವೇ ನನ್ನೆಸ್ರು ಏಳುದ್ರಂತಲ್ಲ, ಪ್ರಾರ್ಥ್ನೇಲಿ ನಿಮ್ಗೆ ಕಾಣುಸ್ತಂತೆ. ಅಂಗಂದಿದ್ಕೇ ನಾನು ಊಂ ಅಂದಿದ್ದು. ಇಲ್ದಿದ್ರೆ ಇನ್ನೊಬ್ರು ಸಂಸಾರಕ್ಕೆ ಬರೋಳಲ್ಲ ನಾನು."

ಮನೋಹರ ಅವರೇ, ನಿಮ್ಮ ಬಾಯಿಂದ ನಾನು ಎಷ್ಟೋ ಪ್ರಸಂಗ ಕೇಳಿದ್ದೇನೆ. ನನ್ನ ಪ್ರಾರ್ಥನೆಯನ್ನೇ ಕದ್ದು, ಅದರಲ್ಲಿ ಅವಳ ಹೆಸರು ಹಾಕಿ, ಅವಳಿಗೇ ಮಾರುತ್ತೀರಿ ಎಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ನಾನು ಅಲ್ಲ ಎನ್ನಬೇಕಿತ್ತು. ಬಾಯಿ ಬರಲಿಲ್ಲ. ಅಲ್ಲ ಎಂದರೆ ನನ್ನ ಗಂಡ ಸುಳ್ಳುಗಾರ ಎಂದು ಬೇರೊಬ್ಬ ಹೆಂಗಸಿನ ಮುಂದೆ ಹೇಳಿದ ಹಾಗಾಗುತ್ತಿತ್ತು. ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದೆ. ಬಸ್ಸಿನ ಕಿಟಕಿಯಲ್ಲಿ ಕೂತ ಮೇಲೆ ನನಗೆ ಅಳು ಬಂತು. ನಿಮ್ಮ ಮಾನ ಕಾಯುವ ಅಭ್ಯಾಸ ನನಗೆ ಎಲ್ಲಿವರೆಗೆ ಹತ್ತಿದೆ ನೋಡಿ.

ಶಾಂತಿಯೂ ಬೇರೆ ಯಾರದೋ ಮಾತು ನಂಬಿ ಒಪ್ಪಿದವಳು. ಮಲ್ಲಿಪಟ್ಟಣದವನ ಹೆಂಡತಿ ಈಚೆಗೆ ಯಾಕೆ ಒಪ್ಪಿದಳು ಎಂದು ನಂಜಮ್ಮ ಕೇಳಿ ತಿಳಿದುಕೊಂಡು ಬಂದಿದ್ದಾರೆ. ಉಪದೇಶಿಯ ಹೆಂಡತಿಯೇ ಒಪ್ಪಿದ್ದಾಳಂತೆ, ನಾನ್ಯಾವ ದೊಡ್ಡೋಳು ಅಂದಳಂತೆ. ಅಂದರೆ ನಂಜಮ್ಮ ಒಪ್ಪಿದರೆಂದು ನಾನು ಈ ಸೇವೆಯನ್ನು ನಂಬಿದೆ, ನಾನು ಒಪ್ಪಿದೆನೆಂದು ಉಳಿದವರು ಒಪ್ಪಿದರು. ಯಾರನ್ನೂ ಯಾರೂ ಕೇಳಿಲ್ಲ.

ಆದ್ದರಿಂದ ನೀವು ಕೇಳಿದ ಸಾಕ್ಷಿ ಇದು. ಹೆಪ್ಸಿಬಾ ಎಂಬ ನಾನು ಒಪ್ಪಿಲ್ಲ. ಬೇಸಿಗೆಯಲ್ಲೂ ಒಪ್ಪಿರಲಿಲ್ಲ, ಈಗಲೂ ಇಲ್ಲ, ಮುಂದೆ ನೀವು ಮಂಡಿಯೂರಿ ಕೇಳಿದರೂ ಇಲ್ಲ. ಪುಟ್ಟಸ್ವಾಮಿಯ ಕಿರಿಯ ಹೆಂಡತಿಯನ್ನು ಯಾರಾದರೂ ಆಚೆ ನೂಕಲು ಬಂದರೆ ನಾನು ಅಡ್ಡ ನಿಲ್ಲುತ್ತೇನೆ. ನೀವು ಶಾಂತಿಯನ್ನು ಒಳಗೆ ತರಲು ಬಂದರೂ ಅಡ್ಡ ನಿಲ್ಲುತ್ತೇನೆ. ಎರಡೂ ಒಂದೇ ಬಾಗಿಲು, ನಿಲ್ಲುವವಳೂ ಒಬ್ಬಳೇ.

ನೀವು ನನ್ನನ್ನು ಹೆಪ್ಸಿ ಎಂದು ಕರೆದು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕುತ್ತಿದ್ದೆ, ಬಿಟ್ಟುಬಿಟ್ಟೆ. ಹೊಳೆನರಸೀಪುರದ ಮನೆಯ ಬೀಗದ ಕೈ ಇನ್ನೂ ನನ್ನ ಹತ್ತಿರ ಒಂದಿದೆ. ಅದನ್ನು ಏನು ಮಾಡಬೇಕೋ ಇನ್ನೂ ತೀರ್ಮಾನಿಸಿಲ್ಲ. ಚಳಿ ಶುರುವಾಗಿದೆ, ನಿಮ್ಮ ಕಂದು ಬಣ್ಣದ ಸ್ವೆಟರ್ ಮಂಚದ ಕೆಳಗಿನ ಟ್ರಂಕಿನಲ್ಲಿದೆ.

ಇಂತಿ,
ಸಾಕ್ಷಿ ಹೇಳಬೇಕೆಂದು ನೀವೇ ಕರೆದವಳು,
ಹೆಪ್ಸಿಬಾ ಮನೋಹರ

ವಿ.ಸೂ.: ಈ ಕಾಗದವನ್ನು ನಿಮ್ಮ ವಿಳಾಸಕ್ಕೆ ಹಾಕುತ್ತಿಲ್ಲ. ನಂಜಮ್ಮನಿಗೆ ಪೂರ್ತಿ ಓದಿ ಹೇಳಿ, ಲಕೋಟೆಯಲ್ಲಿಟ್ಟು ಅಂಟಿಸಿ, ಮೇಲೆ 'ಮೊದಲ ಹೆಂಡತಿಯ ಸಾಕ್ಷಿ' ಎಂದು ಬರೆದು, ಅವರ ಕೈಯಲ್ಲೇ ಚನ್ನರಾಯಪಟ್ಟಣದ ಸಭೆಗೆ ಕಳಿಸುತ್ತಿದ್ದೇನೆ. ಅಂಥ ಲಕೋಟೆಯನ್ನು ಗಂಡ ಮುಟ್ಟಕೂಡದು, ಕಾರ್ಯದರ್ಶಿ ಸಭೆಯ ಮುಂದೆಯೇ ಒಡೆದು ಒಂದು ಅಕ್ಷರ ಬಿಡದೆ ಓದಬೇಕು ಎಂದು ಬರೆಸಿದವರು ನೀವು. ಹೆದರಿಸಿ ಬರೆಸಿಕೊಂಡರು ಎಂದು ನಾಳೆ ಯಾರೂ ನಿಮ್ಮನ್ನು ಅನ್ನಬಾರದೆಂದು ಮಾಡಿದ ಕಟ್ಟಳೆ ಅದು. ಆದ್ದರಿಂದ ಇಲ್ಲಿವರೆಗಿನದನ್ನೆಲ್ಲ ಅನಿಲ್‌ಕುಮಾರ್ ಅವರ ಬಾಯಲ್ಲಿ ಎಲ್ಲರೂ ಕೇಳಿದ್ದಾಯಿತು. ಹಣ್ಣಿನ ಗಾಡಿಯ ಮರೆಯಲ್ಲಿ ನಿಂತದ್ದನ್ನು ಹೊಡೆದುಹಾಕೋಣ ಎನಿಸಿತ್ತು. ಹೊಡೆದುಹಾಕಲಿಲ್ಲ, ನಿಮ್ಮ ಜೊತೆ ನನ್ನ ಮಾನವೂ ಹೋಗಲಿ.

ನಾನೇ ಯಾಕೆ ಬರಲಿಲ್ಲ ಎಂದರೆ, ನಿಮ್ಮ ಮುಖ ನೋಡಿದರೆ ಒಪ್ಪಿಬಿಡುತ್ತೇನೆ ಎಂಬ ಭಯ.

ಶಾಂತಿ, ನೀನು ಅಲ್ಲೇ ಜಮಖಾನದ ಮೇಲೆ ಕೂತಿರುತ್ತೀಯ. ನಿನ್ನ ಹೆಸರು ನನಗೆ ಯಾವ ಪ್ರಾರ್ಥನೆಯಲ್ಲೂ ಕಾಣಿಸಲಿಲ್ಲ ಕಣಮ್ಮ. ಅವತ್ತೇ ಹೇಳಬೇಕಿತ್ತು, ಇವತ್ತು ಹೇಳಿದ್ದೇನೆ.

ಉಳಿದ ಅಕ್ಕತಂಗಿಯರೇ, ನಾನು ಒಪ್ಪಿದ್ದೇನೆಂದು ನೀವು ಒಪ್ಪಿದ್ದರೆ, ನಾನು ಒಪ್ಪಿರಲಿಲ್ಲ. ಈ ಕಾಗದ ಓದಿ ಮುಗಿಯುವ ಹೊತ್ತಿಗೆ ಎದ್ದು ನಿಲ್ಲುತ್ತೇನೆ ಎಂದು ನಂಜಮ್ಮ ನನಗೆ ಮಾತು ಕೊಟ್ಟಿದ್ದಾರೆ. ಹೋದ ಭಾನುವಾರ ಅವರೊಬ್ಬರೇ ನಿಂತಿದ್ದರು, ಈ ಭಾನುವಾರ ಅವರೊಬ್ಬರನ್ನೇ ನಿಲ್ಲಲು ಬಿಡಬೇಡಿ.